ಚಿತ್ರತುರಗವೂ ಕೀಲುಕುದುರೆಯೂ: ವಾಹನಪರೀಕ್ಷೆಯ ದೃಷ್ಟಿಯಿಂದ ಅನುಕರಣವಾದದ ಪುನರ್ವಿಮರ್ಶೆ

1

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಶ್ರೀಶಂಕುಕನ ಅನುಕರಣವಾದಕ್ಕೆ ಸಂದಿರುವ ಸ್ಥಾನವು ವಿಚಿತ್ರವಾದುದು. ಅದನ್ನು ಸಿದ್ಧಾಂತವೆಂದು ಒಪ್ಪಿದವರು ಬಹು ವಿರಳ; ಪೂರ್ವಪಕ್ಷವೆಂದು ಓದದೆ ಬಿಟ್ಟವರೂ ವಿರಳವೇ. ರಸಸೂತ್ರದ ವ್ಯಾಖ್ಯಾನಗಳನ್ನು ಪಾಠಹೇಳುವಾಗ ಲೊಲ್ಲಟನಾದ ಮೇಲೆ ಶಂಕುಕ, ಶಂಕುಕನಾದ ಮೇಲೆ ಭಟ್ಟನಾಯಕ, ಕಡೆಗೆ ಅಭಿನವಗುಪ್ತ ಎಂಬ ಕ್ರಮದಲ್ಲಿ ಅವನ ಮತವು ಮೇಲಕ್ಕೇರುವ ಮೆಟ್ಟಲುಗಳಲ್ಲಿ ಒಂದಾಗಿ ಬರುತ್ತದೆ. ಮೆಟ್ಟಲನ್ನು ತುಳಿದು ಮೇಲೆ ಹೋದವನು ಅದನ್ನು ಹಿಂದಿರುಗಿ ನೋಡುವುದು ಅಪೂರ್ವ. ಆದರೆ ಅನುಕರಣವೆಂಬ ಅದೇ ಪದಾರ್ಥವು ಈಚಿನ ದಶಕಗಳಲ್ಲಿ ನಾಟ್ಯಮಂದಿರದಿಂದ ಹೊರಟು ಯಂತ್ರಶಾಲೆಯನ್ನು ಹೊಕ್ಕಿದೆ. ಅಲ್ಲಿ ಅದಕ್ಕೆ ಸಿಮ್ಯುಲೇಷನ್ ಎಂದು ಹೆಸರು. ಮೋಟಾರು ವಾಹನಗಳ ಒಡಲಿನಲ್ಲಿ ಹುದುಗಿರುವ ಇಲೆಕ್ಟ್ರಾನಿಕ್ ನಿಯಂತ್ರಕಗಳನ್ನು ರಸ್ತೆಗೆ ಬಿಡುವ ಮೊದಲು, ಕೃತಕವಾದ ವಾಹನ, ಕೃತಕವಾದ ರಸ್ತೆ, ಕೃತಕವಾದ ಅಪಾಯಗಳ ನಡುವೆ ನಿಲ್ಲಿಸಿ ಅವುಗಳ ನಡತೆಯನ್ನು ಒರೆಹಚ್ಚುವ ವಿದ್ಯೆಯು ಇದು.

ಈ ವಿದ್ಯೆಗೆ ಕನ್ನಡದಲ್ಲಿ ಇನ್ನೂ ನೆಲೆಯಾದ ಹೆಸರಿಲ್ಲ. ಪತ್ರಿಕೆಗಳು ಇಂಥ ಕೃತಕಪ್ರಯೋಗಗಳಿಗೆ 'ಅಣಕು' ಎಂದು ಬರೆಯುತ್ತವೆ. ಪರಿಭಾಷೆಯನ್ನು ಕಟ್ಟುವವರು 'ಅನುಕರಣೆ' ಎನ್ನುತ್ತಾರೆ. ಕೆಲಸ ಮಾಡುವವರು ಇಂಗ್ಲಿಷು ಮಾತನ್ನೇ ಇಟ್ಟುಕೊಂಡಿದ್ದಾರೆ. ಇದು ಕೇವಲ ಪರಿಭಾಷೆಯ ಜಗಳವಾಗಿದ್ದರೆ ನಿಘಂಟುಕಾರರಿಗೆ ಬಿಟ್ಟುಬಿಡಬಹುದಾಗಿತ್ತು. ಅನುಕರಣದಿಂದ ನಿಜವಾದ ಜ್ಞಾನವುಂಟಾಗುವುದೆ, ಅನುಕರಣದಲ್ಲಿ ಗೆದ್ದುದು ಲೋಕದಲ್ಲಿಯೂ ಗೆದ್ದಂತೆಯೆ, ಹಾಗೆಂದು ಹೇಳುವ ಅಧಿಕಾರವು ಯಾರದು ಎಂಬ ಪ್ರಶ್ನೆಗಳು ಆ ಹೆಸರಿನ ಹಿಂದೆ ನಿಂತಿವೆ. ನಾಟಕದಲ್ಲಿ ಅನುಕರಣವು ಕೆಟ್ಟರೆ ರಸಭಂಗ. ವಾಹನದಲ್ಲಿ ಕೆಟ್ಟರೆ ಪ್ರಾಣಹಾನಿ. ಸಾವಿರ ವರ್ಷಗಳ ಹಿಂದೆಯೇ ಕಾಶ್ಮೀರದ ವಿದ್ವಾಂಸರು ಈ ಪ್ರಶ್ನೆಗಳನ್ನು ಎತ್ತಿ ತರ್ಕಿಸಿದ್ದರೆಂಬುದನ್ನೂ, ಆ ತರ್ಕವು ಇಂದಿನ ಪರೀಕ್ಷಕನಿಗೆ ನೇರವಾಗಿ ಸಲ್ಲುತ್ತದೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

2

ಶಂಕುಕನು ಒಂಬತ್ತನೆಯ ಶತಮಾನದವನೆಂದು ವಿದ್ವಾಂಸರ ಎಣಿಕೆ. ಅವನ ವ್ಯಾಖ್ಯಾನವು ಇಂದು ಉಪಲಬ್ಧವಿಲ್ಲ; ಅವನ ಮಾತುಗಳು ಉಳಿದು ಬಂದಿರುವುದು ಅವನ್ನು ಖಂಡಿಸಿದವರ ಗ್ರಂಥದಲ್ಲಿಯೇ. ಅಭಿನವಗುಪ್ತನು ತನ್ನ ಅಭಿನವಭಾರತಿಯಲ್ಲಿ ಅವನ್ನು ವಿಸ್ತಾರವಾಗಿ ಅನುವಾದಿಸಿ, ಬಳಿಕ ತನ್ನ ಗುರುವಾದ ಭಟ್ಟತೌತನ ಆಕ್ಷೇಪಗಳನ್ನು ಕೊಟ್ಟಿದ್ದಾನೆ. ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ರಾಮಕೃಷ್ಣಕವಿಗಳು ಆ ಗ್ರಂಥದ ಮೊದಲನೆಯ ಸಂಪುಟವನ್ನು 1926ರಲ್ಲಿ ಹೊರತರುವವರೆಗೆ ಓದುವವರಿಗೆ ಸುಲಭವಾಗಿ ದೊರೆಯುತ್ತಿದ್ದುದು ಮುಖ್ಯವಾಗಿ ಮಮ್ಮಟನ ಕಾವ್ಯಪ್ರಕಾಶದಲ್ಲಿರುವ ಸಂಗ್ರಹ.

ಶಂಕುಕನ ಮತದ ಸಾರವಿದು. ನಟನಲ್ಲಿ ಕಾಣುವ ಭಾವವು ಅವನದಲ್ಲ. ರಾಮಾದಿಗಳ ಭಾವದ ಅನುಕರಣ. ಪ್ರೇಕ್ಷಕನು ಅದನ್ನು ನೇರವಾಗಿ ಕಾಣುವುದಿಲ್ಲ; ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ವಿಭಾವಾನುಭಾವಗಳಿಂದ ಅದನ್ನು ಅನುಮಾನಿಸುತ್ತಾನೆ. ಆ ವಿಭಾವಾದಿಗಳು ಕೃತಕವೇ ಆದರೂ ಕೃತಕವೆಂದು ತೋರುವುದಿಲ್ಲ. ಆಗ ನಟನ ವಿಷಯದಲ್ಲಿ ಉಂಟಾಗುವ ತಿಳಿವಳಿಕೆ ಯಾವ ಜಾತಿಯದು? "ಇವನು ರಾಮನೇ" ಎಂಬ ಸಮ್ಯಗ್ಜ್ಞಾನವಲ್ಲ. ರಾಮನೆಂದು ತಿಳಿದು ಅನಂತರ ಅಲ್ಲವೆಂದು ಬಾಧಿತವಾಗುವ ಮಿಥ್ಯಾಜ್ಞಾನವಲ್ಲ. "ರಾಮನೋ ಅಲ್ಲವೋ" ಎಂಬ ಸಂಶಯವಲ್ಲ. "ರಾಮನಂತಿದ್ದಾನೆ" ಎಂಬ ಸಾದೃಶ್ಯಜ್ಞಾನವೂ ಅಲ್ಲ. ಗೋಡೆಯ ಮೇಲೆ ಬರೆದ ಕುದುರೆಯನ್ನು ನೋಡಿ ಮಗುವೂ ಪಂಡಿತನೂ "ಕುದುರೆ" ಎನ್ನುತ್ತಾರೆ; ಅದಕ್ಕೆ ಹುಲ್ಲು ಹಾಕಲು ಯಾರೂ ಹೋಗುವುದಿಲ್ಲ. ಈ ನಾಲ್ಕಕ್ಕೂ ಹೊರಗಾದ ಐದನೆಯ ಪ್ರತೀತಿಯೇ ಚಿತ್ರತುರಗಪ್ರತೀತಿ.

ತನ್ನ ಪಕ್ಷಕ್ಕೆ ಬೆಂಬಲವಾಗಿ ಅವನು ಬೌದ್ಧತಾರ್ಕಿಕನಾದ ಧರ್ಮಕೀರ್ತಿಯ ಒಂದು ದೃಷ್ಟಾಂತವನ್ನು ತರುತ್ತಾನೆ. ದೂರದಲ್ಲಿ ಎರಡು ಬೆಳಕುಗಳು ಕಾಣುತ್ತವೆ. ಒಂದು ಮಣಿಯ ಕಾಂತಿ, ಇನ್ನೊಂದು ದೀಪದ ಕಾಂತಿ. ಇಬ್ಬರು ಅವುಗಳನ್ನೇ ಮಣಿಯೆಂದು ತಿಳಿದು ಓಡುತ್ತಾರೆ. ಕಾಂತಿಯು ಮಣಿಯಲ್ಲವಾದುದರಿಂದ ಇಬ್ಬರದೂ ತಪ್ಪು ತಿಳಿವಳಿಕೆಯೇ. ಆದರೂ ಒಬ್ಬನಿಗೆ ಮಣಿಯು ದೊರೆಯುತ್ತದೆ, ಇನ್ನೊಬ್ಬನಿಗೆ ದೊರೆಯುವುದಿಲ್ಲ. ತಪ್ಪು ಸಮಾನವಾಗಿದ್ದರೂ ಅರ್ಥಕ್ರಿಯೆಯಲ್ಲಿ, ಎಂದರೆ ಕಾರ್ಯಫಲದಲ್ಲಿ, ಭೇದವುಂಟು. ಈ ದೃಷ್ಟಾಂತವನ್ನು ಪಾಠದಲ್ಲಿ ಬೇಗನೆ ದಾಟಿಬಿಡುವುದು ವಾಡಿಕೆ. ಮುಂದಿನ ವಿಚಾರಕ್ಕೆ ಇದೇ ಬೀಗದ ಕೈಯಾಗಿದೆ.

3

ಈ ಮತವನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕಡೆಗೆ ತಿರುಗಬಹುದು. ವಾಹನಗಳನ್ನು ಕಟ್ಟುವ ಕಾರ್ಖಾನೆ, ಯಂತ್ರವನ್ನು ಬರೆಹದಿಂದ ನಡೆಸುವ ಕಸುಬು, ವಾಹನಗಳ ಬುದ್ಧಿಯನ್ನು ಸೋಲಿಸಬಲ್ಲ ರಸ್ತೆ ಇವು ಮೂರೂ ಇಲ್ಲಿ ಒಂದೆಡೆ ಸೇರಿವೆ. ಹೊಸಕೋಟೆಯ ಬಳಿ ಸ್ವೀಡನ್ ಮೂಲದ ವೋಲ್ವೊ ಸಂಸ್ಥೆಯ ಲಾರಿ ಕಾರ್ಖಾನೆಯು 1998ರಲ್ಲಿ ಕೆಲಸ ಮೊದಲುಮಾಡಿತು. 2007ರಲ್ಲಿ ಬೇರೆ ಜಿಲ್ಲೆಗೆ ಸೇರಿದ ಬಿಡದಿಯು ಅಲ್ಲಿಯವರೆಗೆ ಇದೇ ಜಿಲ್ಲೆಯದಾಗಿತ್ತು. ಅಲ್ಲಿ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯ ಮೊದಲ ಕಾರುಗಳು 1999ರ ಕೊನೆಗೆ ಸಿದ್ಧವಾದುವು. ನೆರೆಯ ಬೆಂಗಳೂರು ನಗರದಲ್ಲಿ ಬಾಷ್, ಮರ್ಸಿಡಿಸ್ ಬೆಂಜ್ ಮೊದಲಾದ ಸಂಸ್ಥೆಗಳ ಕೇಂದ್ರಗಳು ವಾಹನಗಳ ತಂತ್ರಾಂಶವನ್ನು ಬರೆದು ಪರೀಕ್ಷಿಸುತ್ತಿವೆ. ಅಲ್ಲಿಯ ಕೆಲಸದಲ್ಲಿ ಒಂದು ಪಾಲು ಈ ನಾಡಿನ ರಸ್ತೆಯನ್ನು ಎಂದಿಗೂ ಕಾಣದ ವಾಹನಗಳಿಗಾಗಿ ನಡೆಯುವುದು.

ಬರೆಹವು ಯಂತ್ರವನ್ನು ಆಳುವ ಪರಿಯನ್ನು ದೊಡ್ಡಬಳ್ಳಾಪುರದ ನೇಕಾರರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಅಲ್ಲಿಯ ವಿದ್ಯುನ್ಮಗ್ಗಗಳ ತಲೆಯ ಮೇಲೆ ಕುಳಿತಿರುವ ಜಕಾರ್ಡು ಯಂತ್ರವು ಸಾಲುಸಾಲಾಗಿ ಬರುವ ತೂತಿನ ಅಟ್ಟೆಗಳನ್ನು ಓದಿ, ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂಬುದನ್ನು ನಿರ್ಣಯಿಸುತ್ತದೆ. ಚೌಕುಳಿ ಕಾಗದದ ಮೇಲಿನ ನಕ್ಷೆ ಚಿತ್ರ, ಅಟ್ಟೆ ಬರೆಹ, ಸೀರೆ ಫಲ. ವಾಹನದ ನಿಯಂತ್ರಕದಲ್ಲಿಯೂ ನಕ್ಷೆ, ಬರೆಹ, ಫಲಗಳೆಂಬ ಈ ಮೂರೇ ಇವೆ. ಆದರೆ ಒಂದು ಮುಖ್ಯ ಭೇದವುಂಟು. ಅಟ್ಟೆಯಲ್ಲಿ ಒಂದು ತೂತು ತಪ್ಪಿದರೆ ಆ ತಪ್ಪು ಸೆರಗಿನ ಮೇಲೆ ಆವೃತ್ತಿಗೊಮ್ಮೆ ಕಾಣಿಸಿಕೊಳ್ಳುತ್ತದೆ; ಒಂದು ಮೊಳ ನೇಯ್ದು ನೋಡಿದರೆ ಸಾಕು. ನಿಯಂತ್ರಕದ ತಪ್ಪು ಹಾಗಲ್ಲ. ಒದ್ದೆಯಾದ ತಿರುವು, ಅರ್ಧ ಸವೆದ ಟೈರು, ಕುಗ್ಗಿದ ಬ್ಯಾಟರಿ, ಸಡಿಲಾದ ಒಂದು ತಂತಿ ಇವೆಲ್ಲವೂ ಒಂದೇ ಕ್ಷಣದಲ್ಲಿ ಕೂಡಿದಾಗ ಮಾತ್ರ ಅದು ಹೊರಬೀಳಬಹುದು. ಆ ಕೂಟವನ್ನು ರಸ್ತೆಯಲ್ಲಿ ಕಾದು ಕುಳಿತು ನೋಡಲಾಗದು. ಬೇಕೆಂದು ಉಂಟುಮಾಡಿದರೆ ಚಾಲಕನ ಪ್ರಾಣಕ್ಕೆ ಅಪಾಯ. ಅನುಕರಣದ ಅವಶ್ಯಕತೆಯು ಹುಟ್ಟಿದ್ದು ಇಲ್ಲಿ.

ಚಕ್ರವು ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಎಂಬ ಬ್ರೇಕಿನ ನಿಯಂತ್ರಕವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬಾಷ್ ಸಂಸ್ಥೆಯು ಇದನ್ನು 1978ರಲ್ಲಿ ಮರ್ಸಿಡಿಸ್ ಕಾರಿಗೆ ಅಳವಡಿಸಿ ಮಾರುಕಟ್ಟೆಗೆ ತಂದಿತು. ಭಾರತದಲ್ಲಿ 2019ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಗಿದೆ. ರಸ್ತೆಯು ಎಷ್ಟು ಜಾರುತ್ತದೆಂಬುದನ್ನು ಇದು ನೇರವಾಗಿ ಅಳೆಯಲಾರದು. ಚಕ್ರಗಳ ವೇಗವನ್ನು ಅಳೆದು, ಒಂದು ಚಕ್ರವು ತೀರ ಬೇಗನೆ ನಿಧಾನವಾಯಿತೆಂಬ ಲಿಂಗದಿಂದ ಅದು ಜಾರಲು ಹೊರಟಿದೆಯೆಂದು ಅನುಮಾನಿಸಿ, ಬ್ರೇಕಿನ ಒತ್ತಡವನ್ನು ಸೆಕೆಂಡಿಗೆ ಹಲವು ಬಾರಿ ಬಿಟ್ಟು ಹಿಡಿಯುತ್ತದೆ. ಶಂಕುಕನ ಪ್ರೇಕ್ಷಕನಂತೆ ಇದೂ ಅನುಮಾನದಿಂದಲೇ ಬದುಕುವ ಪ್ರಾಣಿ. ಮಂಜನ್ನು ಹೊಗೆಯೆಂದು ತಿಳಿದವನು ಇಲ್ಲದ ಬೆಂಕಿಯನ್ನು ಊಹಿಸುವಂತೆ ಇದೂ ಮೋಸಹೋಗಬಲ್ಲದು.

ಇಂಥ ನಿಯಂತ್ರಕದ ಪರೀಕ್ಷೆಯು ಮೆಟ್ಟಲುಮೆಟ್ಟಲಾಗಿ ನಡೆಯುತ್ತದೆ. ಮೊದಲನೆಯ ಮೆಟ್ಟಲಿನಲ್ಲಿ ನಿಯಂತ್ರಕವೂ ವಾಹನವೂ ಎರಡೂ ಗಣಿತದ ಸಮೀಕರಣಗಳೇ. ಗಣಕದೊಳಗೆ ಒಂದು ಚಿತ್ರವು ಇನ್ನೊಂದು ಚಿತ್ರವನ್ನು ಓಡಿಸುವುದು. ಎರಡನೆಯದರಲ್ಲಿ ನಿಯಂತ್ರಕದ ಚಿತ್ರಕ್ಕೆ ಬದಲಾಗಿ ನಿಜವಾದ ತಂತ್ರಾಂಶವು ಬರುತ್ತದೆ; ವಾಹನವು ಇನ್ನೂ ಚಿತ್ರವೇ. ಕೊನೆಗೆ ವಾಹನದಲ್ಲಿ ಕೂಡಿಸತಕ್ಕ ನಿಯಂತ್ರಕದ ಪೆಟ್ಟಿಗೆಯನ್ನೇ ತಂದು ಅದರ ತಂತಿಗಳನ್ನು ಒಂದು ಗಣಕಕ್ಕೆ ಸೇರಿಸುತ್ತಾರೆ. ಆ ಗಣಕವು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೊಮ್ಮೆ ವಾಹನದ ಸ್ಥಿತಿಯನ್ನು ಲೆಕ್ಕಹಾಕಿ, ನಿಜವಾದ ಚಕ್ರದಿಂದ ಬರುವಂಥ ವಿದ್ಯುತ್ಸಂಕೇತಗಳನ್ನು ಪೆಟ್ಟಿಗೆಗೆ ಕಳುಹಿಸುತ್ತದೆ. ಪೆಟ್ಟಿಗೆಯು ಕೊಡುವ ಅಪ್ಪಣೆಯನ್ನು ಕೇಳಿ ವಾಹನದ ಮುಂದಿನ ಸ್ಥಿತಿಯನ್ನು ಮತ್ತೆ ಲೆಕ್ಕಹಾಕುತ್ತದೆ. ತಂತಿ ಕಡಿದಂತೆಯೂ ಸಂವೇದಕವು ಸುಳ್ಳುಹೇಳಿದಂತೆಯೂ ನಟಿಸಿ, ಪೆಟ್ಟಿಗೆಯು ಏನುಮಾಡುವುದೆಂದು ನೋಡುವುದೂ ಇಲ್ಲಿಯೇ. ಈ ವಿಧಾನವನ್ನು ಹಾರ್ಡ್‌ವೇರ್ ಇನ್ ದಿ ಲೂಪ್ ಎಂದು ಕರೆಯುತ್ತಾರೆ.

ಮೊದಲನೆಯ ಮೆಟ್ಟಲು ಶಂಕುಕನ ಚಿತ್ರತುರಗವೇ ಸರಿ. ಕೊನೆಯ ಮೆಟ್ಟಲಿಗೆ ಉಪಮಾನವು ಸಂಸ್ಕೃತಗ್ರಂಥಗಳಿಗಿಂತ ಕನ್ನಡನಾಡಿನ ಜಾತ್ರೆಗಳಲ್ಲಿ ಹೆಚ್ಚು ಸಮೀಪವಾಗಿ ದೊರೆಯುತ್ತದೆ. ಹಳೆಯ ಮೈಸೂರು ಸೀಮೆಯ ಜಾತ್ರೆ ಮೆರವಣಿಗೆಗಳಲ್ಲಿ ಕಾಣುವ ಕೀಲುಕುದುರೆಯಲ್ಲಿ ಕುಣಿಯುವವನು ಕುದುರೆಯ ಆಕಾರದ ಚೌಕಟ್ಟಿನೊಳಗೆ ನಿಂತು, ಅದನ್ನು ಹೆಗಲಿನಿಂದ ಇಳಿಬಿಟ್ಟು, ಸುತ್ತಲೂ ಬಟ್ಟೆಯನ್ನು ಜೋಲಿಸಿಕೊಂಡಿರುತ್ತಾನೆ. ಸವಾರನು ನಿಜ, ನಡೆಯು ನಿಜ, ಕುದುರೆಯು ಮಾತ್ರ ಕಟ್ಟಿದ್ದು. ಚಿತ್ರದ ಕುದುರೆಯು ಎಂದಿಗೂ ಎಡವದು. ಕೀಲುಕುದುರೆಯ ಸವಾರನು ಎಡವಬಲ್ಲನು, ಎಡವಿದರೆ ಮೊಣಕಾಲು ತರೆಯುವುದು. ಪರೀಕ್ಷಾಶಾಲೆಯ ಪೆಟ್ಟಿಗೆಯೂ ಹಾಗೆಯೇ: ಅದರ ವಾಹನವು ಕಟ್ಟಿದ್ದು, ಅದರ ತಪ್ಪು ನಿಜವಾದುದು. ಅನುಕರಣವೆಂಬ ಒಂದೇ ಮಾತಿನಲ್ಲಿ ಈ ಎರಡು ಜಾತಿಗಳನ್ನೂ ಸೇರಿಸಿಬಿಟ್ಟದ್ದು ಶಂಕುಕವಾದದ ಮೊದಲನೆಯ ಕೊರತೆ.

4

ಭಟ್ಟತೌತನ ಕಾವ್ಯಕೌತುಕವೂ ಈಗ ಉಪಲಬ್ಧವಿಲ್ಲ. ಅವನ ಆಕ್ಷೇಪಗಳು ಶಿಷ್ಯನ ಬರೆಹದಿಂದ ತಿಳಿದುಬರುತ್ತವೆ. ಅವುಗಳಲ್ಲಿ ಮುಖ್ಯವಾದುದು ಇದು: ಮೂಲವನ್ನು ಕಂಡವನು ಮಾತ್ರ ಅನುಕರಣವನ್ನು ಅನುಕರಣವೆಂದು ತಿಳಿಯಬಲ್ಲನು. ಒಬ್ಬನು ಹಾಲನ್ನು ಕುಡಿದು, "ಅವನು ಮದ್ಯವನ್ನು ಹೀಗೆ ಕುಡಿಯುತ್ತಾನೆ" ಎಂದು ತೋರಿಸಿದರೆ, ಮದ್ಯಪಾನವನ್ನು ಕಂಡಿದ್ದವನಿಗೆ ಅದು ಅನುಕರಣವಾಗುತ್ತದೆ. ರಾಮನ ರತಿಯನ್ನು ನಟನು ಕಂಡವನಲ್ಲ, ಪ್ರೇಕ್ಷಕನು ಕಂಡವನಲ್ಲ. ಹಾಗಿರಲು ಕಾಣದುದನ್ನು ಅನುಕರಿಸಿದರೆಂಬ ಮಾತಿಗೆ ಅರ್ಥವೇನು?

ನಾಟ್ಯದಲ್ಲಿ ಈ ಆಕ್ಷೇಪವು ಎಷ್ಟರಮಟ್ಟಿಗೆ ಸಲ್ಲುವುದೆಂಬುದರ ಮೇಲೆ ವಿದ್ವಾಂಸರು ವಾದಿಸಿದ್ದಾರೆ. ವಾಹನಪರೀಕ್ಷೆಯಲ್ಲಿ ಅದು ಅಕ್ಷರಶಃ ಸಲ್ಲುತ್ತದೆ. ಗಣಕದೊಳಗಿನ ರಸ್ತೆಯು ಯಾರೋ ಎಲ್ಲಿಯೋ ಕಂಡು ಅಳೆದ ರಸ್ತೆ. ಹಿಮದ ಮೇಲೆ ಬ್ರೇಕು ಹೇಗೆ ನಡೆಯುವುದೆಂಬುದನ್ನು ಅರಿಯಲು ಯೂರೋಪಿನ ಸಂಸ್ಥೆಗಳು ಚಳಿಗಾಲದಲ್ಲಿ ಸ್ವೀಡನ್ನಿನ ಆರ್ಯೆಪ್ಲೋಗ್ ಎಂಬಲ್ಲಿ ಹೆಪ್ಪುಗಟ್ಟಿದ ಸರೋವರಗಳ ಮೇಲೆ ವಾಹನಗಳನ್ನು ಓಡಿಸುತ್ತವೆ. ಒಣಗಿದ ಡಾಂಬರಿನ ಘರ್ಷಣಾಂಕವು ಸುಮಾರು 0.8, ಮಂಜುಗಡ್ಡೆಯದು ಸುಮಾರು 0.1 ಎಂಬ ಅಂಕೆಗಳು ಹೀಗೆ ಕಂಡು ಅಳೆದುದರಿಂದಲೇ ಬಂದಿವೆ.

ಈಗ ನೆಲಮಂಗಲದ ಆಚೆಯ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೇಲೆ ಹೊಸಕೋಟೆಗೆ ಹೋಗುವ ಸೀಮೆಯ ಹಳ್ಳಿದಾರಿಗಳನ್ನು ಸುಗ್ಗಿಯಲ್ಲಿ ನೋಡತಕ್ಕದ್ದು. ರಾಗಿಯು ಈ ಜಿಲ್ಲೆಯ ಮುಖ್ಯ ಬೆಳೆ. ಹಿಂದೆ ಸೆಗಣಿ ಸಾರಿಸಿದ ಕಣದಲ್ಲಿ ತೆನೆಹುಲ್ಲನ್ನು ಹರಡಿ, ಎತ್ತು ಕಟ್ಟಿದ ಗುಂಡುಕಲ್ಲನ್ನು ಉರುಳಿಸಿ ಒಕ್ಕುತ್ತಿದ್ದರು. ಆಳಿನ ಅಭಾವವೂ ಎತ್ತುಗಳ ಕೊರತೆಯೂ ಹೆಚ್ಚಿದಂತೆ ಅನೇಕರು ರಾಗಿಯನ್ನೂ ಹುರುಳಿಯನ್ನೂ ಡಾಂಬರು ರಸ್ತೆಯ ಮೇಲೆಯೇ ಹರಡತೊಡಗಿದರು. ರಸ್ತೆಯೇ ಕಣ, ಬರುವ ಹೋಗುವ ವಾಹನವೇ ಗುಂಡುಕಲ್ಲು. ಹುಲ್ಲಿನ ಪದರವು ಚಕ್ರಕ್ಕೂ ಡಾಂಬರಿಗೂ ನಡುವೆ ಸೇರಿ ಹಿಡಿತವನ್ನು ಕೆಡಿಸುತ್ತದೆ. ದ್ವಿಚಕ್ರವಾಹನಗಳು ಜಾರಿ ಬೀಳುತ್ತವೆ. ಹುರುಳಿಯ ಒಣಬಳ್ಳಿಯು ಅಚ್ಚಿಗೆ ಸುತ್ತಿಕೊಂಡರೆ ಬಿಸಿಯಾದ ಭಾಗಗಳಿಗೆ ತಗುಲಿ ಹೊತ್ತಿಕೊಳ್ಳುವ ಭಯವೂ ಉಂಟು. ಸಡಿಲವಾದ ಜಲ್ಲಿಯ ಮೇಲೆ ಎ.ಬಿ.ಎಸ್. ಇರುವ ವಾಹನವು ಇಲ್ಲದುದಕ್ಕಿಂತ ಹೆಚ್ಚು ದೂರ ಹೋಗಿ ನಿಲ್ಲಬಹುದೆಂಬುದು ತಜ್ಞರಿಗೆ ಮೊದಲಿನಿಂದ ತಿಳಿದ ವಿಷಯ. ಕಚ್ಚಿದ ಚಕ್ರವು ತನ್ನ ಮುಂದೆ ಜಲ್ಲಿಯನ್ನು ಗುಡ್ಡೆಮಾಡಿಕೊಂಡು ಅದರಿಂದಲೇ ತಡೆಯಲ್ಪಡುತ್ತದೆ. ಬಿಟ್ಟು ಹಿಡಿಯುವ ಚಕ್ರಕ್ಕೆ ಆ ಸಹಾಯವಿಲ್ಲ. ರಾಗಿಹುಲ್ಲಿನ ಮೇಲೆ ಏನಾಗುವುದೆಂಬುದು ಅಳೆದವನಿಗೆ ಮಾತ್ರ ಗೊತ್ತಾಗಬೇಕಾದುದು. ಅಳೆಯದ ರಸ್ತೆಯು ಚಿತ್ರದೊಳಗೆ ಬಾರದು. ಚಿತ್ರದೊಳಗಿಲ್ಲದ ರಸ್ತೆಯಲ್ಲಿ ಪೆಟ್ಟಿಗೆಗೆ ಪರೀಕ್ಷೆಯೂ ಇಲ್ಲ.

ಕಾಣದುದು ಚಿತ್ರದಿಂದ ಹೊರಗುಳಿಯುವುದರ ಫಲವೇನೆಂಬುದಕ್ಕೆ ಅಮೆರಿಕದ ಒಂದು ಘಟನೆಯು ಸಾಕ್ಷಿಯಾಗಿದೆ. 2018ರ ಮಾರ್ಚಿಯಲ್ಲಿ ಅರಿಜೋನಾದ ಟೆಂಪಿ ಎಂಬ ಊರಿನಲ್ಲಿ, ಊಬರ್ ಸಂಸ್ಥೆಯು ಪ್ರಯೋಗಿಸುತ್ತಿದ್ದ ಸ್ವಯಂಚಾಲಿತ ಕಾರೊಂದು ರಾತ್ರಿಯಲ್ಲಿ ಬೈಸಿಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಬಡಿದು ಅವಳು ಸತ್ತಳು. ಗುರುತುಹಾಕಿದ ದಾಟುದಾರಿಯಲ್ಲದ ಕಡೆ ಪಾದಚಾರಿಯು ರಸ್ತೆಯನ್ನು ದಾಟಬಹುದೆಂಬ ಎಣಿಕೆಯೇ ಆ ವ್ಯವಸ್ಥೆಯ ರಚನೆಯಲ್ಲಿ ಇರಲಿಲ್ಲವೆಂದು ಅಲ್ಲಿಯ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯ ತನಿಖೆಯಿಂದ ಹೊರಬಿದ್ದಿತು. ಸಂವೇದಕಗಳು ಅವಳನ್ನು ಕಂಡಿದ್ದುವು. ಕಂಡುದಕ್ಕೆ ಕೊಡತಕ್ಕ ಅರ್ಥವು ತಂತ್ರಾಂಶದಲ್ಲಿ ಸಿದ್ಧವಾಗಿರಲಿಲ್ಲ. ಅಂಥ ಎಣಿಕೆಯ ತಂತ್ರಾಂಶವನ್ನು ಸಂತೆಯ ದಿನ ನಮ್ಮ ಯಾವುದೇ ತಾಲ್ಲೂಕು ಕೇಂದ್ರದ ಬೀದಿಯಲ್ಲಿ ಬಿಟ್ಟರೆ ಎದುರಿಗೆ ಬರುವವರಲ್ಲಿ ಬಹುಮಂದಿ ಅದರ ಪಾಲಿಗೆ ಅರ್ಥವಿಲ್ಲದ ವಸ್ತುಗಳಾಗುವರು.

5

ತೌತನ ಇನ್ನೊಂದು ಆಕ್ಷೇಪವು ಇದಕ್ಕಿಂತ ಸೂಕ್ಷ್ಮವಾದುದು. ರಸವು ಅನುಕರಣವೆಂದರೆ ಯಾರ ದೃಷ್ಟಿಯಿಂದ ಅನುಕರಣ? ಪ್ರೇಕ್ಷಕನ ದೃಷ್ಟಿಯಿಂದಲೆ, ನಟನ ದೃಷ್ಟಿಯಿಂದಲೆ, ವಸ್ತುಸ್ಥಿತಿಯನ್ನು ವಿವೇಚಿಸುವ ವ್ಯಾಖ್ಯಾನಕಾರನ ದೃಷ್ಟಿಯಿಂದಲೆ, ಅಥವಾ ಶಾಸ್ತ್ರವನ್ನು ಹೇಳಿದ ಭರತಮುನಿಯ ದೃಷ್ಟಿಯಿಂದಲೆ? ಒಂದೊಂದನ್ನೂ ಎತ್ತಿಕೊಂಡು ಅವನು ನಿರಾಕರಿಸುತ್ತಾನೆ. ಪರೀಕ್ಷಾಶಾಲೆಯಲ್ಲಿಯೂ ಈ ನಾಲ್ವರು ಇದ್ದಾರೆ. ಕೃತಕಲೋಕವನ್ನು ಕಂಡು ಅನುಮಾನಿಸುವ ಪೆಟ್ಟಿಗೆಯೇ ಪ್ರೇಕ್ಷಕ. ಆ ಲೋಕವನ್ನು ಕಟ್ಟಿ ಆಡಿಸುವವನು ನಟ. ಫಲಿತಾಂಶವನ್ನು ಓದಿ ತೀರ್ಪು ಕೊಡುವವನು ವಿವೇಚಕ. ಮುನಿಯ ಸ್ಥಾನದಲ್ಲಿ ಐ.ಎಸ್.ಒ. 26262 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. 2011ರಲ್ಲಿ ಮೊದಲು ಹೊರಟು 2018ರಲ್ಲಿ ಪರಿಷ್ಕೃತವಾದ ಇದು, ಕೆಟ್ಟರೆ ಆಗುವ ಹಾನಿಯನ್ನು ಅನುಸರಿಸಿ ವಾಹನದ ಕಾರ್ಯಗಳನ್ನು ಎ ಮೊದಲ್ಗೊಂಡು ಡಿ ವರೆಗೆ ನಾಲ್ಕು ದರ್ಜೆಗಳಲ್ಲಿಟ್ಟು ಒಂದೊಂದಕ್ಕೂ ತಕ್ಕ ಪರೀಕ್ಷೆಗಳನ್ನು ಹೇಳುತ್ತದೆ.

ಈ ನಾಲ್ವರಲ್ಲಿ ಪ್ರೇಕ್ಷಕನಿಗೆ, ಎಂದರೆ ಪೆಟ್ಟಿಗೆಗೆ, ತಾನು ಕಾಣುತ್ತಿರುವುದು ಅನುಕರಣವೆಂದು ತಿಳಿಯಲೇಬಾರದು. ಇಲ್ಲಿ ನಾಟ್ಯಕ್ಕೂ ಪರೀಕ್ಷೆಗೂ ನೇರವಾದ ವಿರೋಧವಿದೆ. ಸಹೃದಯನು ಚಿತ್ರದ ಕುದುರೆಯನ್ನು ಚಿತ್ರದ್ದೆಂದು ಒಳಗೆ ಬಲ್ಲನು. ಬಲ್ಲುದರಿಂದಲೇ ರಸಾಸ್ವಾದವು ಸಾಧ್ಯ. ಪರೀಕ್ಷೆಗೆ ಒಳಗಾದ ನಿಯಂತ್ರಕಕ್ಕೆ ಆ ವಿವೇಕ ಬಂದರೆ ಪರೀಕ್ಷೆಯೇ ಮುರಿದುಬೀಳುತ್ತದೆ. ಫೋಕ್ಸ್‌ವ್ಯಾಗನ್ ಸಂಸ್ಥೆಯ ಡೀಸೆಲ್ ಕಾರುಗಳಲ್ಲಿ ನಡೆದುದು ಇದೇ. ಹೊಗೆಯ ಪರೀಕ್ಷೆಯಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ವೇಗಕ್ರಮದಲ್ಲಿ ಓಡಿಸುತ್ತಾರೆ. ಚಕ್ರವು ತಿರುಗುತ್ತದೆ, ಕಾರು ನಿಂತಲ್ಲಿಯೇ ಇರುತ್ತದೆ. ಚುಕ್ಕಾಣಿಯ ಸ್ಥಿತಿ, ವೇಗ, ಓಡಿದ ಹೊತ್ತು, ಗಾಳಿಯ ಒತ್ತಡ ಮೊದಲಾದ ಲಿಂಗಗಳಿಂದ ಆ ಕಾರುಗಳ ತಂತ್ರಾಂಶವು ಇದು ರಸ್ತೆಯಲ್ಲ, ರಸ್ತೆಯ ವೇಷವೆಂದು ಅನುಮಾನಿಸುತ್ತಿತ್ತು. ಆಗ ಮಾತ್ರ ವಿಷಾನಿಲವನ್ನು ಸರಿಯಾಗಿ ತಡೆಯುತ್ತಿತ್ತು. ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆಯು 2015ರ ಸೆಪ್ಟೆಂಬರ್ 18ರಂದು ಇದನ್ನು ಬಹಿರಂಗಪಡಿಸಿತು. ರಸ್ತೆಯ ಮೇಲೆ ನೈಟ್ರೋಜನ್ ಆಕ್ಸೈಡುಗಳು ಮಿತಿಯ 40 ಪಟ್ಟಿನವರೆಗೆ ಹೊರಬೀಳುತ್ತಿದ್ದುವು. ಪ್ರಪಂಚದಲ್ಲೆಲ್ಲ ಸುಮಾರು 1 ಕೋಟಿ 10 ಲಕ್ಷ ವಾಹನಗಳಲ್ಲಿ ಆ ತಂತ್ರಾಂಶವಿದ್ದಿತು.

ಈ ಕಪಟವು ಹೊರಬಿದ್ದ ಬಗೆಯೂ ಗಮನಾರ್ಹವಾದುದು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಚಿಕ್ಕ ತಂಡವು, ಬೆಂಗಳೂರಿನಿಂದ ಹೋಗಿದ್ದ ಹೇಮಂತ್ ಕಪ್ಪಣ್ಣನವರೂ ಅದರಲ್ಲಿ ಒಬ್ಬರು, ಅಳೆಯುವ ಉಪಕರಣಗಳನ್ನು ಕಾರಿನೊಳಗೇ ಹೇರಿಕೊಂಡು ನಿಜವಾದ ರಸ್ತೆಗಳ ಮೇಲೆ ಓಡಿಸಿ ಅಳೆಯಿತು. ಅದರ ವರದಿಯು 2014ರಲ್ಲಿ ಪ್ರಕಟವಾಯಿತು. ಚಿತ್ರವನ್ನು ಎಷ್ಟು ಚೆನ್ನಾಗಿ ಪರಿಶೀಲಿಸಿದ್ದರೂ ತಿಳಿಯದಿದ್ದುದು ಕುದುರೆಯನ್ನು ಬಯಲಿಗೆ ಬಿಟ್ಟೊಡನೆ ತಿಳಿಯಿತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಹಲ್ಲು ನೋಡಿ, ಸುಳಿ ನೋಡಿ, ಅಷ್ಟಕ್ಕೇ ಹಣ ಎಣಿಸುವುದಿಲ್ಲ, ನಡೆಸಿ ನೋಡುತ್ತಾನೆ. ಯೂರೋಪಿನಲ್ಲಿ 2017ರಿಂದಲೂ ಭಾರತದಲ್ಲಿ 2023ರ ಏಪ್ರಿಲಿನಿಂದಲೂ ಹೊಗೆಯನ್ನು ರಸ್ತೆಯ ಮೇಲೆಯೇ ಅಳೆಯುವ ನಿಯಮವು ಬಂದಿರುವುದು ರೈತನ ಈ ಬುದ್ಧಿಗೆ ಶಾಸನವು ಕೊಟ್ಟ ಮನ್ನಣೆ.

6

ಹಾಗಾದರೆ ಅನುಕರಣವು ನಿಷ್ಪ್ರಯೋಜಕವೆ? ಈ ತೀರ್ಮಾನಕ್ಕೆ ಬರುವುದು ಅವಿವೇಕ. ತೌತನ ಖಂಡನದಿಂದ ಶಂಕುಕನು ಪೂರ್ತಿಯಾಗಿ ಸೋತನೆಂದು ಪಾಠಹೇಳುವ ಅಧ್ಯಾಪಕರೂ ಇದೇ ಅವಸರಕ್ಕೆ ಬೀಳುತ್ತಾರೆ. ಸೀಳಿದ ತಂತಿಯೊಡನೆ ಕಾರನ್ನು ಹೆದ್ದಾರಿಯಲ್ಲಿ ಓಡಿಸಿ ನೋಡಿರೆಂದು ಯಾವ ಚಾಲಕನಿಗೂ ಹೇಳಲಾಗದು. ಒಂದೇ ಅಪಾಯವನ್ನು ಬಿಡದೆ ಸಾವಿರ ಸಲ ಒಂದೇ ರೀತಿಯಲ್ಲಿ ಮರಳಿಸುವುದು ಲೋಕದಲ್ಲಿ ಅಸಾಧ್ಯ, ಚಿತ್ರದಲ್ಲಿ ಸುಲಭ. ನಿನ್ನೆ ತಿದ್ದಿದ ತಂತ್ರಾಂಶವು ಮೊನ್ನೆ ಸರಿಯಾಗಿದ್ದುದನ್ನು ಕೆಡಿಸಿತೆ ಎಂಬುದನ್ನು ಒಂದು ರಾತ್ರಿಯಲ್ಲಿ ನೋಡಿಮುಗಿಸುವ ಸೌಕರ್ಯವು ಬೇರೆ ಯಾವುದರಿಂದಲೂ ದೊರೆಯದು.

ಇಲ್ಲಿ ಧರ್ಮಕೀರ್ತಿಯ ಮಣಿದೀಪಗಳ ದೃಷ್ಟಾಂತವು ನೆರವಿಗೆ ಬರುತ್ತದೆ. ಪ್ರತಿಯೊಂದು ಪ್ರತಿರೂಪವೂ ವಸ್ತುವಲ್ಲವಾದುದರಿಂದ ಒಂದು ಲೆಕ್ಕದಲ್ಲಿ ಸುಳ್ಳೇ. ಆದರೆ ಮಣಿಯ ಕಾಂತಿಯಂಥ ಸುಳ್ಳು ಇದೆ, ದೀಪದ ಕಾಂತಿಯಂಥ ಸುಳ್ಳು ಇದೆ. ಮೊದಲನೆಯದು ವಸ್ತುವಿನಿಂದಲೇ ಹೊರಟದ್ದು. ಅದನ್ನು ಹಿಡಿದು ನಡೆದರೆ ವಸ್ತುವು ಸಿಕ್ಕುತ್ತದೆ. ಎರಡೂ ದೂರದಿಂದ ಒಂದೇ ಬಗೆಯಾಗಿ ಹೊಳೆಯುತ್ತವೆ. ಭೇದವು ತಿಳಿಯುವುದು ಹೋಗಿ ಕೈಹಾಕಿದಾಗ. ಆದುದರಿಂದ ಪ್ರತಿರೂಪದ ಪ್ರಾಮಾಣ್ಯವು ಅದರ ಹೊಳಪಿನಲ್ಲಿಲ್ಲ, ಚಿತ್ರದ ನಯದಲ್ಲಿಲ್ಲ. ಅದು ಯಾವ ರಸ್ತೆಯಿಂದ ಹೊರಟಿತು, ಆ ರಸ್ತೆಗೆ ಹಿಂದಿರುಗಿದಾಗ ಕಾರ್ಯಕ್ಕೆ ಬಂದಿತೆ ಎಂಬುದರಲ್ಲಿದೆ. ಶಂಕುಕನು ಈ ದೃಷ್ಟಾಂತವನ್ನು ಕೊಟ್ಟು ಸುಮ್ಮನಾದನು. ಮಣಿ ಯಾವುದು, ದೀಪ ಯಾವುದು ಎಂದು ಮೊದಲೇ ತಿಳಿಯುವ ಉಪಾಯವನ್ನು ಹೇಳಲಿಲ್ಲ. ಮೂಲವನ್ನು ಕಂಡಿರಬೇಕೆಂಬ ತೌತನ ಆಕ್ಷೇಪವೇ ಆ ಉಪಾಯ. ಹೀಗೆ ಪೂರ್ವಪಕ್ಷವೂ ಖಂಡನವೂ ಒಂದನ್ನೊಂದು ಕೊಲ್ಲದೆ ಒಂದನ್ನೊಂದು ಪೂರೈಸುತ್ತವೆ.

ಒಂದು ನಾಡಿನ ಭಯವು ಪರೀಕ್ಷೆಯಾಗಿ ಪ್ರಪಂಚಕ್ಕೆ ಉಪಕರಿಸಿದ ನಿದರ್ಶನವೂ ಉಂಟು. ಸ್ವೀಡನ್ನಿನ ಕಾಡುದಾರಿಗಳಲ್ಲಿ ಎಲ್ಕ್ ಎಂಬ ಭಾರಿಯ ಜಿಂಕೆಯು ಹಠಾತ್ತಾಗಿ ಅಡ್ಡಬರುವುದು. ಅದನ್ನು ತಪ್ಪಿಸಲು ಚುಕ್ಕಾಣಿಯನ್ನು ಥಟ್ಟನೆ ಒಂದು ಕಡೆಗೂ ಮತ್ತೆ ಇನ್ನೊಂದು ಕಡೆಗೂ ತಿರುಗಿಸಬೇಕಾಗುತ್ತದೆ. ಅಲ್ಲಿಯ ಟೆಕ್ನಿಕೆನ್ಸ್ ವಾರ್ಲ್ಡ್ ಎಂಬ ಪತ್ರಿಕೆಯವರು 1997ರ ಅಕ್ಟೋಬರಿನಲ್ಲಿ ಅಂಥ ಪರೀಕ್ಷೆಯನ್ನು ಮಾಡುವಾಗ ಮರ್ಸಿಡಿಸ್ ಸಂಸ್ಥೆಯ ಹೊಸ ಎ ವರ್ಗದ ಕಾರು ಮಗುಚಿತು. ಸಂಸ್ಥೆಯು ಮಾರಾಟವನ್ನು ಕೆಲಕಾಲ ನಿಲ್ಲಿಸಿ, ಜಾರಿಕೆಯನ್ನು ತಡೆಯುವ ಇಲೆಕ್ಟ್ರಾನಿಕ್ ನಿಯಂತ್ರಕವನ್ನು ಆ ವರ್ಗದ ಎಲ್ಲ ಕಾರುಗಳಿಗೂ ಅಳವಡಿಸಿತು. ದೊಡ್ಡ ಕಾರುಗಳಿಗೆ ಮೀಸಲಾಗಿದ್ದ ಆ ರಕ್ಷೆಯು ಚಿಕ್ಕ ಕಾರುಗಳಿಗೆ ಬಂದುದು ಹೀಗೆ. ಎಲ್ಕಿನ ನಾಡಿನವರು ಎಲ್ಕನ್ನು ಪರೀಕ್ಷೆಯಾಗಿಸಿದರು. ಒಕ್ಕಣೆಯ ನಾಡಿನವರು ಒಕ್ಕಣೆಯನ್ನು ಪರೀಕ್ಷೆಯಾಗಿಸಬೇಕಾದುದು ನ್ಯಾಯ. ರಸ್ತೆಯ ಮೇಲೆ ಒಕ್ಕುವುದು ತಪ್ಪೆಂದು ಶಾಸನವು ಹೇಳಬಹುದು. ಎಲ್ಕು ರಸ್ತೆಗೆ ಬರುವುದೂ ಯಾರ ಅಪ್ಪಣೆಯಿಂದಲೂ ಅಲ್ಲ. ಪರೀಕ್ಷಕನು ಎಣಿಸಬೇಕಾದುದು ರಸ್ತೆಯಲ್ಲಿ ಇರುವುದನ್ನು. 2022ರಲ್ಲಿ ಹೊರಬಂದ ಐ.ಎಸ್.ಒ. 21448 ಎಂಬ ಮಾನದಂಡವು, ಯಂತ್ರವು ಕೆಡದೆ ಇದ್ದರೂ ಎಣಿಸದ ಸನ್ನಿವೇಶದಿಂದ ಆಗುವ ಅಪಾಯವನ್ನು ಹುಡುಕಿ ಕಡಮೆಮಾಡಬೇಕೆಂದು ವಿಧಿಸುತ್ತದೆ. ತೌತನ ಆಕ್ಷೇಪವು ಅಲ್ಲಿ ವಿಧಿಯ ರೂಪವನ್ನು ತಾಳಿದೆ ಎನ್ನಬಹುದು.

7

ಕೊನೆಯದಾಗಿ ಹೆಸರಿನ ವಿಚಾರ. ಕೀರ್ತಿವರ್ಮನ ಗೋವೈದ್ಯ, ರಾಜಾದಿತ್ಯನ ವ್ಯವಹಾರಗಣಿತಗಳಂಥ ಶಾಸ್ತ್ರಗ್ರಂಥಗಳನ್ನು ಹನ್ನೆರಡನೆಯ ಶತಮಾನದಲ್ಲಿಯೇ ಪಡೆದಿದ್ದ ಭಾಷೆಗೆ ಈ ವಿದ್ಯೆಯನ್ನು ಹೇಳುವ ಶಕ್ತಿಯಿಲ್ಲವೆನ್ನಲಾಗದು. 'ಅಣಕು' ಎಂಬ ಮಾತಿನಲ್ಲಿ ಹಾಸ್ಯದ ವಾಸನೆಯುಂಟು. ಅಣಕವಾಡು ಮೂಲವನ್ನು ಗೇಲಿಮಾಡುತ್ತದೆ. 'ಅನುಕರಣೆ' ಎಂಬುದು ವ್ಯಾಕರಣದಲ್ಲಿ ದಬದಬ, ಸರಸರ ಎಂಬ ಧ್ವನಿಶಬ್ದಗಳಿಗೆ ಸಂದಿರುವುದಲ್ಲದೆ, ಹೊರನೋಟದ ಹೋಲಿಕೆಯನ್ನೇ ಮುಂದುಮಾಡುತ್ತದೆ. ಇಲ್ಲಿ ಬೇಕಾದುದು ನಡತೆಯ ಹೋಲಿಕೆ. ಮೇಲಿನ ವಿಚಾರಕ್ಕೆ 'ಪ್ರತಿರೂಪಪರೀಕ್ಷೆ' ಎಂಬುದು ಹೆಚ್ಚು ಒಪ್ಪುತ್ತದೆ. ಎಲ್ಲವೂ ಗಣಕದೊಳಗೇ ನಡೆಯುವುದಕ್ಕೆ ಚಿತ್ರತುರಗಪರೀಕ್ಷೆಯೆಂದೂ, ನಿಜವಾದ ಪೆಟ್ಟಿಗೆಯನ್ನು ಕಟ್ಟಿದ ವಾಹನಕ್ಕೆ ಸೇರಿಸುವುದಕ್ಕೆ ಕೀಲುಕುದುರೆಪರೀಕ್ಷೆಯೆಂದೂ ತರಗತಿಯಲ್ಲಿ ಹೇಳಿದರೆ ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಭೇದವು ಒಡನೆಯೇ ಹೊಳೆಯುವುದು. ಇಂಗ್ಲಿಷು ಮಾತನ್ನೇ ಬಳಸುವವರೊಡನೆ ವಿರೋಧವೇನೂ ಇಲ್ಲ. ಗ್ಯಾರೇಜಿನವರು 'ಟ್ರಯಲ್ ನೋಡುವುದು' ಎಂಬುದನ್ನು ಕನ್ನಡವನ್ನಾಗಿಯೇ ಮಾಡಿಕೊಂಡಿದ್ದಾರೆ.

ಹೆಸರು ಯಾವುದೇ ಆಗಲಿ, ಮೀಮಾಂಸಕರ ಪರಿಭಾಷೆಯಲ್ಲಿ ಅದು ಸಾಕಾಂಕ್ಷಪದವೆಂಬುದನ್ನು ಮರೆಯಬಾರದು. 'ತಾ' ಎಂದು ಮಾತ್ರ ಹೇಳಿದರೆ 'ಏನನ್ನು' ಎಂಬ ಆಕಾಂಕ್ಷೆಯು ಉಳಿಯುವಂತೆ, 'ಪ್ರತಿರೂಪ' ಎಂದೊಡನೆ 'ಯಾವುದರ', 'ಯಾವ ಅಂಶದಲ್ಲಿ', 'ಯಾರು ಕಂಡುದರ' ಎಂಬ ಮೂರು ಆಕಾಂಕ್ಷೆಗಳು ಉಳಿಯುತ್ತವೆ. 'ಪರೀಕ್ಷೆಯಲ್ಲಿ ಗೆದ್ದಿತು' ಎಂಬ ವಾಕ್ಯವೂ ಈ ಮೂರಕ್ಕೆ ಉತ್ತರ ಬರುವವರೆಗೆ ಅಪೂರ್ಣವಾದ ವಾಕ್ಯ. ಅಪೂರ್ಣವಾದ ವಾಕ್ಯವನ್ನು ನಂಬಿ ವಾಹನವನ್ನು ಮಾರುವವರೂ ಕೊಳ್ಳುವವರೂ ಇದ್ದಾರೆ. ಅದರ ಬೆಲೆಯನ್ನು ತೆರುವವರು ಹಲವೊಮ್ಮೆ ಅದನ್ನು ಓದಿಯೇ ಇಲ್ಲದ ದಾರಿಹೋಕರು. ವಾಕ್ಯದ ಆಕಾಂಕ್ಷೆಯನ್ನು ಗುರುತಿಸುವುದು ಸಾಹಿತ್ಯಾಧ್ಯಾಪಕರು ನಿತ್ಯವೂ ಕಲಿಸುವ ವಿದ್ಯೆ. ರಸಸೂತ್ರದ ಪಾಠದಲ್ಲಿ ಶಂಕುಕತೌತರ ವಿವಾದವು ಬಂದಾಗ ಈ ಉದಾಹರಣೆಗಳನ್ನೂ ಸೇರಿಸಿ ಹೇಳಿದರೆ, ಮುಂದೆ ಯಂತ್ರಶಾಲೆಗೆ ಹೋಗತಕ್ಕ ವಿದ್ಯಾರ್ಥಿಗಳಿಗೆ ಆ ಹಳೆಯ ವಾದವು ತಮ್ಮ ಕೆಲಸದ ವಾದವೇ ಎಂದು ತಿಳಿದುಬರುವುದು.